ತೋಟಕ್ಕೆ ಸಣ್ಣ ಪಿಕಪ್: ಕೊಳ್ಳುವ ಮುನ್ನ

ಬೆಳೆಗಾರ ಬಾಂಧವರು ಪಿಕಪ್ ಕೊಳ್ಳುವಾಗ ಮೊದಲು ಬೆಲೆ ಕೇಳುತ್ತಾರೆ. ಮೊದಲು ಕೇಳತಕ್ಕದ್ದು ಅದು ಹೊರುವ ತೂಕ. ರಾಯಚೂರು ಜಿಲ್ಲೆಯ ಮಲ್ಲಟದ ಕಡೆ ಸಮತಟ್ಟಾದ ಎರೆನೆಲದಲ್ಲಿ ಬಿಡಿಹತ್ತಿ ಹೇರುವವರಿಗೆ ಬಾಡಿ ಬೇಗ ತುಂಬುತ್ತದೆ, ತೂಕ ಅಷ್ಟಾಗಿ ಏರದು. ನಮ್ಮ ಕಾಫಿ, ಅಡಿಕೆಯದು ತದ್ವಿರುದ್ಧ. ಬಾಡಿಯಲ್ಲಿ ಜಾಗ ಉಳಿದಿರುವಾಗಲೇ ತೂಕದ ಮಿತಿ ಮುಗಿದಿರುತ್ತದೆ. 2005ರಲ್ಲಿ ಬಂದ ಮೊದಲ ಟಾಟಾ ಏಸ್ ಹೊರುತ್ತಿದ್ದುದು 750 ಕಿಲೋ, ಅಂದರೆ 50 ಕಿಲೋದ 15 ಚೀಲ. 16 ಅಶ್ವಶಕ್ತಿಯ ಆ ಗಾಡಿಗೆ 20 ಚೀಲ ಹೇರಿದರೆ ಘಟ್ಟ ಹತ್ತುವ ಕಷ್ಟಕ್ಕಿಂತ ಇಳಿಯುವಾಗಿನ ಬ್ರೇಕಿನ ಅಪಾಯವೇ ದೊಡ್ಡದು.

ಮಳೆಗಾಲದಲ್ಲಿ ಖಾಲಿ ಗಾಡಿಯದೇ ತೊಂದರೆ. ಎಳೆಯುವುದು ಹಿಂಚಕ್ರ, ಭಾರವೆಲ್ಲ ಮುಂದೆ. ಕೆಸರಿನ ಏರಿನಲ್ಲಿ ಚಕ್ರ ನಿಂತಲ್ಲೇ ಸುತ್ತುತ್ತದೆ. ಹಿಂದಿನ ಆಕ್ಸಲ್ ಮೇಲೆ ಎರಡು ಮೂರು ಮರಳು ಚೀಲ ಬಿಗಿದು ಕಟ್ಟಿದರೆ ಹಿಡಿತ ಬರುತ್ತದೆ. ದಾರಿ ತೀರಾ ಕಡಿದಾಗಿದ್ದರೆ ಮಾತ್ರ ನಾಲ್ಕು ಚಕ್ರವೂ ಎಳೆಯುವ ಗಾಡಿ ನೋಡಿ. ಡಾಂಬರು ರಸ್ತೆಯ ಪಕ್ಕದವರಿಗೆ ಅದು ದಂಡದ ಖರ್ಚು.

ಇನ್ನು ಆಳುಗಳ ವಿಷಯ. ಅವರನ್ನು ಬಾಡಿಯಲ್ಲಿ ಚೀಲಗಳ ಮೇಲೆ ಕೂರಿಸುವ ರೂಢಿ ಎಲ್ಲರಿಗೂ ಗೊತ್ತು. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ತರಕಾರಿ ಲಾರಿ ಯಲ್ಲಾಪುರದ ಬಳಿ ಕಮರಿಗೆ ಉರುಳಿ, ಅದರಲ್ಲಿದ್ದ 10 ಮಂದಿ ವ್ಯಾಪಾರಿಗಳು ತೀರಿಕೊಂಡರು. ಸರಕು ಗಾಡಿಯಲ್ಲಿ ಕೂತವರನ್ನು ಬರಿಯ ಪ್ರಯಾಣಿಕರೆಂದು ಎಣಿಸಿ ವಿಮೆಯವರು ಪರಿಹಾರ ನಿರಾಕರಿಸಲೂಬಹುದು. ದಿನವೂ ಮೂರು ನಾಲ್ಕು ಆಳುಗಳನ್ನು ಕರೆತರುವವರು ಎರಡು ಸಾಲು ಸೀಟಿನ ಪಿಕಪ್ ಕೊಳ್ಳುವುದು ಲೇಸು, ಆರ್.ಸಿ. ಪುಸ್ತಕದಲ್ಲಿ ಎಷ್ಟು ಸೀಟೆಂದು ಓದಿಕೊಳ್ಳಿ. ಬಾಡಿ ಗಿಡ್ಡವಾಗುತ್ತದೆ, ನಿಜ. ಉಳಿದ ಚೀಲ ಎರಡನೆಯ ಸುತ್ತಿಗೆ ಹೋಗಲಿ.