ಅಘನಾಶಿನಿಯ ಕಣಿವೆಯೂ ಊರವರ ಸಮ್ಮತಿಯೂ

ಒಂದು ಕಾಡನ್ನು ರಕ್ಷಿತ ಪ್ರದೇಶವೆಂದು ಸಾರುವುದು ಸರಕಾರದ ಅಧಿಕಾರ. ಹಾಗಿರುವಲ್ಲಿ ಊರವರ ಒಪ್ಪಿಗೆ ಏತಕ್ಕೆ? ಇದಕ್ಕೆ ಉತ್ತರವನ್ನು ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಕಣಿವೆಯಲ್ಲಿ ಹುಡುಕೋಣ.

ಶಿರಸಿಯ ಬಳಿ ಹುಟ್ಟಿ ಕುಮಟೆಯ ಹತ್ತಿರ ಕಡಲನ್ನು ಸೇರುವ ಈ ನದಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ಉಂಚಳ್ಳಿಯಲ್ಲಿ 116 ಮೀಟರು ಧುಮುಕುವ ಅದರ ಇಕ್ಕೆಲಗಳಲ್ಲಿ ನಿತ್ಯಹರಿದ್ವರ್ಣದ ಕಾನುಗಳಿವೆ. ರಾಮಪತ್ರೆಯ ಬಳಗದ ಮರಗಳು ಉಸಿರಾಟಕ್ಕಾಗಿ ಬೇರುಗಳನ್ನು ಕೆಸರಿನಿಂದ ಮೇಲೆತ್ತಿ ನಿಂತ ಜೌಗುಗಳಿವೆ. ನಡುನಡುವೆ ಅಡಿಕೆಯ ತೋಟ, ಗದ್ದೆ, ಮನೆಗಳಿವೆ. ಸಿಂಗಳೀಕವೂ ಇಲ್ಲಿಯ ನಿವಾಸಿ. ಪಶ್ಚಿಮ ಘಟ್ಟಗಳಲ್ಲದೆ ಲೋಕದ ಬೇರಾವ ಕಾಡಿನಲ್ಲಿಯೂ ಕಾಣದ ಈ ಕೋತಿಯ ಉತ್ತರದ ಎಲ್ಲೆ ಈ ಸೀಮೆಯೇ. ಅದು ನೆಲಕ್ಕಿಳಿಯುವುದು ಅಪರೂಪ. ಕೊಂಬೆಗೆ ಕೊಂಬೆ ತಾಗಿದ ಕಾಡು ಅದಕ್ಕೆ ಬೇಕು. ಈ ಶತಮಾನದ ಆರಂಭದಲ್ಲಿ ಸಂಶೋಧಕರು ಶಿರಸಿ–ಹೊನ್ನಾವರದ ಅರಣ್ಯಗಳಲ್ಲಿ ಅದರ 30ಕ್ಕೂ ಹೆಚ್ಚು ಗುಂಪುಗಳನ್ನು ಗುರುತಿಸಿದರು.

ಸಿಂಗಳೀಕವು ತಿನ್ನುವ ಹಣ್ಣುಗಳಲ್ಲಿ ಉಪ್ಪಾಗೆಯೂ ಒಂದು. ಅದೇ ಹಣ್ಣಿನ ಸಿಪ್ಪೆ ಊರವರಿಗೆ ಮಳೆಗಾಲದ ಆದಾಯ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ಬೊಜ್ಜನ್ನು ಕರಗಿಸುವುದೆಂದು ನಂಬಿ 1990ರ ದಶಕದಲ್ಲಿ ಪರದೇಶಗಳು ಅದನ್ನು ಕೊಳ್ಳತೊಡಗಿದವು. (ನಿಜವಾಗಿ ಎಷ್ಟು ಕರಗಿಸುವುದೆಂಬುದು ಬೇರೆ ಮಾತು!) ಬೆಲೆ ಏರಿತು. ಇನ್ನೊಬ್ಬನು ಕೊಯ್ಯುವ ಮೊದಲೇ ತಾನು ಕೊಯ್ಯಬೇಕೆಂಬ ಆತುರಕ್ಕೆ ಎಳೆಗಾಯಿಗಳು ಬಲಿಯಾದವು, ಕೊಂಬೆಗಳೂ ಬಿದ್ದವು. ಮಳೆಯಲ್ಲಿ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಲು ಬೇಕಾದ ಸೌದೆಯೂ ಕಾಡಿನದೇ. ಇಷ್ಟು ಮರಗಳನ್ನು ಯಾವ ಕಾವಲುಗಾರನು ಕಾಯಬಲ್ಲನು? ಹಣ್ಣು ಮಾಗುವ ತನಕ ಯಾರೂ ಕೈಹಚ್ಚಬಾರದೆಂಬ ಕಟ್ಟನ್ನು ಊರವರೇ ಮಾಡಿಕೊಂಡರೆ ಮಾತ್ರ ಅದು ನಡೆಯುವಂಥದು.

ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಸೇರಿಸಿದ 36ಎ ವಿಧಿಯು ಇಂಥ ಸ್ಥಳಗಳಿಗೆ ಹೊಂದುತ್ತದೆ. ಸ್ಥಳೀಯ ಜನರೊಡನೆ ಸಮಾಲೋಚಿಸಿದ ಬಳಿಕ, ರಾಜ್ಯ ಸರಕಾರವು ತನ್ನ ಒಡೆತನದ ನೆಲವನ್ನು, ವಿಶೇಷವಾಗಿ ಅಭಯಾರಣ್ಯಗಳಿಗೆ ತಾಗಿದ ಅಥವಾ ಅವುಗಳನ್ನು ಜೋಡಿಸುವ ನೆಲವನ್ನು, 'ಸಂರಕ್ಷಣಾ ಮೀಸಲು' ಎಂದು ಘೋಷಿಸಬಹುದು. ಪ್ರಾಣಿ-ಸಸ್ಯಗಳ ಜೊತೆಗೆ ಭೂದೃಶ್ಯದ ರಕ್ಷಣೆಯೂ ಅದರ ಉದ್ದೇಶವೆಂದು ವಿಧಿಯಲ್ಲಿಯೇ ಹೇಳಿದೆ. ಅಲ್ಲಿ ವಾಸಿಸುವವರ ಹಕ್ಕುಗಳಿಗೆ ಧಕ್ಕೆಯಿಲ್ಲ. ಸಲಹೆ ನೀಡುವ ಸಮಿತಿಯಲ್ಲಿ ಆ ವ್ಯಾಪ್ತಿಯ ಪ್ರತಿಯೊಂದು ಗ್ರಾಮ ಪಂಚಾಯತಿಗೂ ಒಂದು ಸ್ಥಾನವನ್ನು 2002ರ ತಿದ್ದುಪಡಿ ಕೊಟ್ಟಿತು. ಅಭಯಾರಣ್ಯವೆಂಬ ಹೆಸರಿಗೇ ಅಂಜುವ ಹಳ್ಳಿಗನು ಇಂಥ ಮೀಸಲನ್ನು ಒಪ್ಪುವುದು ಸುಲಭವೆಂದು ನಮಗೆ ತೋರುತ್ತದೆ. 2011ರಲ್ಲಿ 299.52 ಚದರ ಕಿಲೋಮೀಟರು ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲಾಯಿತು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. 2019ರಲ್ಲಿ ಈ ಮೀಸಲನ್ನು ಶರಾವತಿ ಕಣಿವೆಯ ಅಭಯಾರಣ್ಯದೊಡನೆ ಕೂಡಿಸಿ, 930.16 ಚದರ ಕಿಲೋಮೀಟರಿನ ಒಂದೇ ಸಿಂಗಳೀಕ ಅಭಯಾರಣ್ಯವನ್ನು ಮಾಡಲಾಯಿತು. ಕೋತಿಯ ದೃಷ್ಟಿಯಿಂದ ಇದು ಲಾಭವೇ: ತುಂಡಾಗದ ಕಾಡಿಗೆ ಬಲವಾದ ಕಾಯಿದೆಯ ಆಸರೆ ದೊರೆಯಿತು. ಆದರೆ ಅಭಯಾರಣ್ಯದಲ್ಲಿ 29ನೆಯ ವಿಧಿಯಂತೆ ಅನುಮತಿಯಿಲ್ಲದೆ ಅರಣ್ಯೋತ್ಪನ್ನವನ್ನು ತೆಗೆಯುವಂತಿಲ್ಲ. ಉಪ್ಪಾಗೆಯ ಸಿಪ್ಪೆಯೂ ಅರಣ್ಯೋತ್ಪನ್ನವೇ. ಅಭಯಾರಣ್ಯದ ಸಲಹಾ ಸಮಿತಿಗೆ 2002ರ ಅದೇ ತಿದ್ದುಪಡಿಯು ಗೊತ್ತುಪಡಿಸಿದ ಪಂಚಾಯತಿ ಪ್ರತಿನಿಧಿಗಳು ಒಟ್ಟು 3 ಮಂದಿ.