ಸಾರು ನೋಡಿ ವೈನ್ ಆರಿಸಿ

ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಪೇಟೆಗಳಲ್ಲಿ ‘ವೈನ್ಸ್’ ಎಂದು ಬೋರ್ಡು ಹಾಕಿದ ಅಂಗಡಿಗಳಿವೆ. ಅಲ್ಲಿ ಹೆಚ್ಚು ಬಿಕರಿಯಾಗುವುದು ವಿಸ್ಕಿ, ರಮ್ಮು, ಬ್ರಾಂದಿ. ದ್ರಾಕ್ಷಿಯ ವೈನ್ ಉಳ್ಳವರದು, ಪಟ್ಟಣದವರದು, ಈ ಕಡೆಯ ಗೌರಸಮುದ್ರದಂಥ ಊರಿನ ಮುದ್ದೆ-ಸಾರಿಗೆ ಅದು ಹೊಂದದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕಡಿಮೆ ಬೆಲೆಯ ವೈನ್‌ಗಳನ್ನೇ ನಮ್ಮ ಊಟದ ಜೊತೆ ರುಚಿ ನೋಡುತ್ತ ಬಂದ ನನಗೆ ಮನದಟ್ಟಾದದ್ದು ಬೇರೆ. ವೈನ್ ಹಿಡಿಸುವುದೂ ಹಿಡಿಸದಿರುವುದೂ ಅದರ ಬೆಲೆಗಿಂತ ತಟ್ಟೆಯಲ್ಲಿರುವ ಖಾರ, ಹುಳಿ, ಉಪ್ಪು, ಎಣ್ಣೆಯ ಮೇಲೆ ನಿಂತಿದೆ. ಅವುಗಳ ಲೆಕ್ಕ ನಮ್ಮ ಅಡುಗೆಮನೆಗೆ ಮೊದಲಿನಿಂದಲೂ ಗೊತ್ತು.

ವೈನ್ ಬಲ್ಲವರು ಟ್ಯಾನಿನ್ ಎಂದು ಕರೆಯುವುದಕ್ಕೆ ಕನ್ನಡದಲ್ಲಿ ಒಗರು ಎಂಬ ಮಾತಿದೆ. ನೇರಳೆಹಣ್ಣು ತಿಂದಾಗ, ಎಳೆ ಅಡಿಕೆ ಜಗಿದಾಗ, ಹಾಲಿಲ್ಲದ ಕಡು ಚಹಾ ಕುಡಿದಾಗ ನಾಲಿಗೆ ಒಣಗಿ ಹಿಡಿದಂತಾಗುವ ಅನುಭವವೇ ಅದು. ಕೆಂಪು ವೈನ್‌ನಲ್ಲಿ ಈ ಒಗರು ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುತ್ತದೆ. ಬಿಳಿ ವೈನ್‌ನಲ್ಲಿ ಹುಳಿ ಮುಂದಿರುತ್ತದೆ. ಇನ್ನು ಮೆಣಸಿನಕಾಯಿಯ ಉರಿಯನ್ನು ಆಲ್ಕೋಹಾಲ್ ಹೆಚ್ಚಿಸುತ್ತದೆ, ಒಗರು ಅದನ್ನು ಕೆರಳಿಸುತ್ತದೆ, ಸಿಹಿಯೂ ತಂಪೂ ಇಳಿಸುತ್ತವೆ. ಕೊಬ್ಬು, ಎಣ್ಣೆ, ಮಾಂಸ ಒಗರನ್ನು ಮೆತ್ತಗೆ ಮಾಡುತ್ತವೆ. ಊಟ ವೈನ್‌ಗಿಂತ ಹುಳಿಯಾಗಿದ್ದರೆ ವೈನ್ ಸಪ್ಪೆಯಾಗುತ್ತದೆ. ಇಷ್ಟು ತಿಳಿದವರಿಗೆ ಅಂಗಡಿಯಲ್ಲಿ ಅರ್ಧ ಕೆಲಸ ಮುಗಿದಂತೆ.

ಗೌರಸಮುದ್ರದ ಸೀಮೆಯ ಊಟಕ್ಕೆ ಈ ಲೆಕ್ಕವನ್ನು ಹಚ್ಚಿ ನೋಡೋಣ. ರಾಗಿಮುದ್ದೆಗೆ ತನ್ನದೆಂಬ ಗಟ್ಟಿ ರುಚಿ ಕಡಿಮೆ, ಆದ್ದರಿಂದ ನೋಡಬೇಕಾದದ್ದು ಸಾರನ್ನು. ಒಣಮೆಣಸಿನಕಾಯಿ ಅರೆದು ಹಾಕಿದ ಕೋಳಿ ಸಾರಿಗೆ ಕಡು ಒಗರಿನ ಕೆಂಪು ವೈನ್ ಕ್ಯಾಬರ್ನೆ ಸೋವಿನ್ಯೋ ಹಾಕಿಕೊಂಡರೆ ಬಾಯಿ ಉರಿದು ಎರಡೂ ಕೆಡುತ್ತವೆ. ಅದೇ ಸಾರಿಗೆ ತುಸು ಸಿಹಿಯುಳ್ಳ ಬಿಳಿ ವೈನ್ ಶೆನಿನ್ ಬ್ಲಾಂಕ್ ತಣ್ಣಗಿದ್ದರೆ ಖಾರ ಹದಕ್ಕೆ ಬರುತ್ತದೆ. ಮೆಣಸಿನಕಾಯಿ ಕಡಿಮೆ ಮಾಡಿ, ಕೊಬ್ಬು ಬಿಡದೆ ಬೇಯಿಸಿದ ಕುರಿಮಾಂಸಕ್ಕೆ ಶಿರಾಜ್ ಎಂಬ ಕೆಂಪು ವೈನ್ ಸರಿಯಾದ ಜೋಡಿ. ಹೆಸರುಬೇಳೆ ಕೋಸಂಬರಿ, ನಿಂಬೆಹುಳಿ, ಹಸಿ ಈರುಳ್ಳಿಗೆ ಹುಳಿ ಮುಂದಾದ ಬಿಳಿ ವೈನ್ ಸೋವಿನ್ಯೋ ಬ್ಲಾಂಕ್ ಒಪ್ಪುತ್ತದೆ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ಶೇಂಗಾ ಇಲ್ಲಿ ದೊಡ್ಡ ಆಸರೆ: ಖಾರ ಹೆಚ್ಚಿಲ್ಲದ ಶೇಂಗಾ ಚಟ್ನಿಯ ಜಿಡ್ಡು ಅಗ್ಗದ ಕೆಂಪು ವೈನ್‌ನ ಒರಟು ಒಗರನ್ನೂ ಮೆತ್ತಗಾಗಿಸುತ್ತದೆ. ಹುಣಸೆಹುಳಿ ಜಾಸ್ತಿಯಾದ ಸಾರಿಗೆ ಮಾತ್ರ ಯಾವ ವೈನೂ ಸುಲಭವಾಗಿ ಹೊಂದುವುದಿಲ್ಲ. ಅಲ್ಲಿ ಮಜ್ಜಿಗೆಯೇ ಮೇಲು.

ಅಗ್ಗದ್ದು ಚೆನ್ನಾಗಿರಲು ಸಾಧ್ಯವೇ ಎಂಬುದು ಮೊದಲ ಆಕ್ಷೇಪ. ಬೆಲೆ ಮುಚ್ಚಿಟ್ಟು ರುಚಿ ನೋಡಿಸಿದ 6,000ಕ್ಕೂ ಹೆಚ್ಚು ಪ್ರಸಂಗಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ವೈನ್ ತರಬೇತಿ ಇಲ್ಲದವರು ದುಬಾರಿ ವೈನನ್ನು ಹೆಚ್ಚು ಮೆಚ್ಚಲಿಲ್ಲ, ಬದಲಿಗೆ ತುಸು ಕಡಿಮೆಯೇ ಮೆಚ್ಚಿದರು ಎಂದು ತೋರಿಸಿತು. ಅಗ್ಗದ ವೈನ್ ಕೆಡುವುದು ಹಲವು ಸಲ ನಾವು ಇಡುವ ರೀತಿಯಿಂದ. ಕೆಂಪು ವೈನನ್ನು ಕೋಣೆಯ ಶಾಖದಲ್ಲಿ ಕುಡಿಯಿರಿ ಎನ್ನುವ ಪುಸ್ತಕದ ಮಾತು ಯುರೋಪಿನ 16-18 ಡಿಗ್ರಿಯ ಕೋಣೆಗೆ ಸೇರಿದ್ದು, ನಮ್ಮ ಬೇಸಿಗೆಯ ಮನೆಗಲ್ಲ. ಕೆಂಪನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಡಬೇಕು. ಬಿಸಿಲು ಬೀಳುವ ಕಪಾಟಿನ ಬಾಟಲಿಯನ್ನು ಬಿಡಬೇಕು. ಕಡಿಮೆ ಬೆಲೆಯದರಲ್ಲಿ ಹಳೆಯದಕ್ಕಿಂತ ಇತ್ತೀಚಿನ ವರ್ಷದ್ದನ್ನು ಕೊಳ್ಳಬೇಕು. ತೆರೆದದ್ದನ್ನು ಮುಚ್ಚಿ ತಣ್ಣಗಿಟ್ಟು ಮೂರು-ನಾಲ್ಕು ದಿನದಲ್ಲಿ ಮುಗಿಸಬೇಕು.

ಇದು ನಮ್ಮ ಪಾನೀಯವಲ್ಲ ಎಂಬುದು ಇನ್ನೊಂದು ಮಾತು. ಮೆಣಸಿನಕಾಯಿಯೂ ಶೇಂಗಾವೂ ಅಮೆರಿಕ ಖಂಡಗಳಿಂದ ಬಂದವು, ಇಂದು ಅವಿಲ್ಲದೆ ನಮ್ಮ ಅಡುಗೆಯಿಲ್ಲ. ದ್ರಾಕ್ಷಿ ವಿಜಯಪುರ, ಬಾಗಲಕೋಟೆ, ಚಿಕ್ಕಬಳ್ಳಾಪುರದ ರೈತರ ಬೆಳೆ. ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಅದರಿಂದ ಸಿಹಿಯಾದ ಅಗ್ಗದ ವೈನ್ ತಯಾರಾಗುತ್ತದೆ. ಅದನ್ನು ಕೀಳಾಗಿ ಕಾಣುವವರಿದ್ದಾರೆ. ಶೇಂಗಾ-ಬೆಲ್ಲದ ಉಂಡೆಯ ಜೊತೆ ಅದನ್ನು ರುಚಿ ನೋಡಿದರೆ ಆ ತೀರ್ಪು ನಿಲ್ಲುವುದಿಲ್ಲ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಕುಡಿತ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಸಂಸಾರಗಳನ್ನು ಮುರಿದಿದೆ. ಕರ್ನಾಟಕ ಸಾರಾಯಿಯನ್ನು ನಿಷೇಧಿಸಿದ್ದೂ ವೈನ್ ತಯಾರಿಕೆಯನ್ನು ಉತ್ತೇಜಿಸುವ ನೀತಿಯನ್ನು ತಂದದ್ದೂ ಒಂದೇ ವರ್ಷ, 2007ರಲ್ಲಿ. ಆರೋಗ್ಯಕ್ಕೆ ಪೂರ್ತಿ ಸುರಕ್ಷಿತವಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ವೈನ್ ಇದಕ್ಕೆ ಹೊರತಲ್ಲ, ಅದನ್ನು ಔಷಧವೆಂದು ಹೊಗಳುವುದು ಸುಳ್ಳು. ಕುಡಿಯದವರು ಶುರು ಮಾಡಬೇಕಾದ ಕಾರಣ ಯಾವುದೂ ಇಲ್ಲ. ಕುಡಿಯುವವರಿಗೆ ಮಾತ್ರ ನನ್ನ ಮಾತು: ಹಸಿದ ಹೊಟ್ಟೆಯಲ್ಲಿ, ಅಮಲಿಗಾಗಿ, ಅವಸರದಲ್ಲಿ ಕುಡಿಯುವುದನ್ನು ಬಿಡಿ. ಮನೆಮಂದಿಯ ಜೊತೆ ಊಟಕ್ಕೆ ಕೂತು, ಸಾರು ನೋಡಿ, ಒಂದು ಲೋಟಕ್ಕೆ ನಿಲ್ಲಿಸಿ.