ಕಲಿಸುತ್ತ ಕಲಿತವರು

ತರಬೇತಿಯಿಲ್ಲದೆ ಬೋಧಿಸುತ್ತಿದ್ದ ಶಿಕ್ಷಕರು 2019ರ ಮಾರ್ಚ್ 31ರೊಳಗೆ ಅರ್ಹತೆ ಪಡೆಯತಕ್ಕದ್ದೆಂದು ಶಿಕ್ಷಣ ಹಕ್ಕು ಕಾಯಿದೆಯ 2017ರ ತಿದ್ದುಪಡಿಯು ವಿಧಿಸಿತು. ಅವರಿಗಾಗಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು ದೂರಶಿಕ್ಷಣದಿಂದ 18 ತಿಂಗಳ ಡಿಪ್ಲೊಮಾ ಏರ್ಪಡಿಸಿತು. ದೇಶದಾದ್ಯಂತ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಸೇರಿದರು. ಶಾಲೆಯಲ್ಲಿ ಗುರುವಾಗಿದ್ದವರು ಬಿಡುವಿನ ವೇಳೆಯಲ್ಲಿ ಶಿಷ್ಯರಾದರು. ತಮ್ಮ ತರಗತಿಯೇ ಅವರ ಪ್ರಯೋಗಶಾಲೆಯಾಯಿತು.

ಆದರೆ ಪ್ರಮಾಣಪತ್ರದ ಮಾನ್ಯತೆಯೇ ವಿವಾದಕ್ಕೊಳಗಾಯಿತು. ಅದು ಎರಡು ವರ್ಷದ ಡಿಪ್ಲೊಮಾಕ್ಕೆ ಸಮವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ತೀರ್ಪಿತ್ತಿತು. 2017ರ ಆಗಸ್ಟ್ 10ರಂದು ಸೇವೆಯಲ್ಲಿದ್ದು, ಗಡುವಿನೊಳಗೆ ಉತ್ತೀರ್ಣರಾದವರಿಗೆ ಮಾತ್ರ 2024ರ ಡಿಸೆಂಬರದಲ್ಲಿ ಸಮಾನ ಮಾನ್ಯತೆ ದೊರೆಯಿತು.

ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯಲ್ಲಿ ಶಿಕ್ಷಕವೃತ್ತಿಯನ್ನು ಬಯಸುವ ವಿದ್ಯಾರ್ಥಿಗೂ ಇದರಲ್ಲಿ ಪಾಠವಿದೆ. ಹೊಸ ಮಾರ್ಗವನ್ನು ಹಿಡಿಯುವ ಮುನ್ನ ಅದು ಯಾರಿಗಾಗಿ ತೆರೆದುದೆಂಬುದನ್ನು ವಿಚಾರಿಸಬೇಕು. ಶ್ರಮವು ಎಷ್ಟೇ ಪ್ರಾಮಾಣಿಕವಾಗಿದ್ದರೂ ನಿಯಮವನ್ನರಿಯದಿದ್ದರೆ ಫಲ ಕೈಗೆಟುಕದು.